ಅವ್ವನ ಬಾಯಿಗೆ ಬಾರದ ಹಣ್ಣು

ನಗೀ ಬರುವಂಥಾ ಪ್ರಸಂಗ ಎಲ್ಲಾರ ಮನ್ಯಾಗೂ ಆಗತಾವ. ನಮ್ಮ ಮನ್ಯಾಗ ಬ್ಯಾಸಗಿ ಬಂತಂದ್ರ ಮುಗೀತು, ಒಂದರ ಬೆನ್ನಿಗೆ ಒಂದು. ಕಾರಣ ನಮ್ಮಪ್ಪನ ಹೆಸರು: ನಿಂಬಣ್ಣ. ನಮ್ಮೂರು ಇಂಡಿ, ಹಿತ್ತಲಕ್ಕೊಂದು ನಿಂಬಿ ಗಿಡ ಇರೋ ಊರು. ಗಂಡನ ಹೆಸರು ಹೇಳಿದ್ರ ಅವನ ಆಯುಷ್ಯ ಕಡಿಮಿ ಆಗತೈತಿ ಅಂತ ನಂಬಿದ ಕಾಲ ಅದು. ಕರ್ನಾಟಕ ಒಂದಾಗಿ ಇನ್ನೂ ಭಾಳ ದಿನ ಆಗಿದ್ದಿಲ್ಲ. ಇನ್ನ ನಮ್ಮವ್ವ ನಿಂಬಿಹಣ್ಣ ಅಂತ ಹೆಂಗ ಅಂದಾಳು? ಲಿಂಬಿ ಅಂತನೂ ಅಂತಿದ್ದಿಲ್ಲ. “ಅದೂ ಅವರ ಹೆಸರಿನ ಬಳಗಽ” ಅಂತಿದ್ಲು.

೧. ಬಹುವಚನದ ಹಣ್ಣು

ಬಾಳಿಹಣ್ಣು ಅದು, ಮಾವಿನಹಣ್ಣು ಅದು. ನಿಂಬಿಹಣ್ಣು ಮಾತ್ರ “ಅವರು”!

ಒಂದಿನ ಅಪ್ಪ ಊಟಕ್ಕ ಕುಂತು, “ಸಾರಿಗೆ ಹುಳಿ ಕಡಿಮಿ ಆಗೇತಲ್ಲ” ಅಂದ.

“ತಡೀರಿ, ಅವರನ್ನ ಹಿಂಡತೇನಿ.”

“ಲಗ್ನಾದಾಗಿಂದ ಹಿಂಡಾಕತ್ತೀದಿ. ಇನ್ನ ಏನ ಉಳದೇತಿ?”

ಆ ವರ್ಷ ಅಪ್ಪಗ ಒಂದು ಹುಚ್ಚು ಹತ್ತಿತ್ತು. ಹೊಸಾ ಜೋಡೆತ್ತು ತರಬೇಕು, ಹಿತ್ತಲದಾಗಿನ ನಿಂಬಿ ಗಿಡ ಕಡದು ಅಲ್ಲೇ ಕೊಟ್ಟಿಗಿ ಕಟ್ಟಬೇಕು. ಆ ಗಿಡಾನ ಅವ್ವ ಮದುವಿ ಆಗಿ ಬಂದ ವರ್ಷ ಹಚ್ಚಿದ್ಲು. ನೀರಿಲ್ಲದ ಬ್ಯಾಸಗ್ಯಾಗ ಅಕ್ಕಿ ತೊಳದ ನೀರು, ಮುಸುರಿ ನೀರು ಹಾಕಿ ಉಳಿಸಿದ್ಲು. “ಗಿಡಕ್ಕ ಕೊಡ್ಲಿ ಬಿದ್ರ ನಾ ಬಾಗೇವಾಡಿಗೆ, ನನ್ನ ತವರಿಗೆ ಹೋಗಾಕಿನಽ” ಅಂತ ಖಡಾಖಂಡಿ ಹೇಳಿದ್ಲು. ಅಪ್ಪ ಕೇಳಬೇಕಲ್ಲ?

೨. ಕೆಡಬಾರದಂತ

ಅಪ್ಪನ ಗೆಳೆಯ ಒಬ್ಬಾಂವ ಸಿಂದಗ್ಯಾಗ ಎತ್ತಿನ ದಲಾಲಿ. ಎತ್ತಿನ ಮಾತಿಗಂತ ಉರಿಬಿಸಲಾಗ ಮನಿಗೆ ಬಂದ. ಅವ್ವ ಒಳಗ ಧಡ್ ಧಡ್ ಅಂತ ಖಾರ ಕುಟ್ಟಾಕತ್ತಿದ್ಲು.

ಆಂವ ಬಾಗಲದಾಗ ನಿಂತು, “ಏನ್ ತಂಗಿ, ನಿಂಬಣ್ಣ ಎಲ್ಲಿ?” ಅಂದ.

ಆ ಸಪ್ಪಳದಾಗ ಅವ್ವಗ ಕೇಳಿಸಿದ್ದು “ನಿಂಬಿಹಣ್ಣ ಎಲ್ಲಿ?” ಅಂತ. ಮುಂಜಾನೇನ ಉಪ್ಪಿನಕಾಯಿ ಹಾಕಿದ್ಲು, ತಟ್ಟನ ಹೇಳಿಬಿಟ್ಲು: “ಅವರನ್ನ ನಾಕ ನಾಕ ಹೋಳ ಮಾಡಿ, ಉಪ್ಪ ಹಚ್ಚಿ, ಮಾಳಿಗಿ ಮ್ಯಾಲ ಬಿಸಲಿಗೆ ಇಟ್ಟೇನ್ರಿ ಅಣ್ಣಾ.”

ದಲಾಲಿ ಮಾರಿ ಬಿಳಚಿಕೊಂಡಿತು. “ಉಪ್ಪ್ಯಾಕವಾ?”

“ಕೆಡಬಾರದಲ್ರಿ!”

“ಏನರ... ಜಗಳಾ ಆಗಿತ್ತೇನು?”

“ಎಂಥಾ ಜಗಳಾ? ವರ್ಷಾ ಹಿಂಗಽ ಮಾಡತೇನಿ.”

ಆಂವ ರುಮಾಲ ಹಿಡ್ಕೊಂಡು ಹೊರಗ ಓಡಿದ. ಓಣ್ಯಾಗ ಅಪ್ಪನಽ ಎದುರಿಗೆ ಬಂದ. ದಲಾಲಿ ಅವನ ರಟ್ಟಿ ಮುಟ್ಟಿ ಮುಟ್ಟಿ ನೋಡಿ ಕೇಳಿದ: “ನೀ ಯಾವ ವರ್ಷದ ನಿಂಬಣ್ಣೋ ಮಾರಾಯಾ?”

೩. ಸಂತ್ಯಾಗ ಅಪ್ಪ

ಊರೆಲ್ಲಾ ನಕ್ಕಿದ್ದಕ್ಕ ಅಪ್ಪಗ ಸಿಟ್ಟು ನೆತ್ತಿಗೇರಿತು. “ನಾಳೆ ಗಿಡದಾಗಿನ ಹಣ್ಣೆಲ್ಲಾ ಹರದು ಸಂತ್ಯಾಗ ನೀನಽ ಕುಂತು ಮಾರು. ಬುಟ್ಟಿ ಬರಿದಾತು, ಗಿಡಾ ನಿಂದು. ಒಂದ ಹಣ್ಣು ಉಳೀತು, ಕೊಡ್ಲಿ ನಂದು” ಅಂದ. ಹೆಸರು ಕೂಗದಽ ಸಂತ್ಯಾಗ ಯಾರ ಮಾಲು ಹೋದೀತು? ಅದು ಗೊತ್ತಿದ್ದಽ ಮೀಸಿ ತಿರುವಿದ.

ಸಂತ್ಯಾಗ ಆಜೂಬಾಜೂ ಎಲ್ಲಾರೂ “ನಿಂಬೀ! ನಿಂಬೀ!” ಅಂತ ಗಂಟಲ ಹರಕೋತಿದ್ರು. ಅವ್ವ ಬಾಯಿ ಹೊಲ್ಕೊಂಡು ಕುಂತಿದ್ಲು. ಬಿಸಲು ಏರಿತು, ಒಂದ ಹಣ್ಣು ಹೋಗಲಿಲ್ಲ. ಬಾಜೂಕ ಕುಂತ ನನಗ ಅಳುನಽ ಬಂತು. “ನಾ ಕೂಗಲೇನವಾ?” ಅಂದೆ.

“ಬ್ಯಾಡ. ನಾನಽ ಮಾರಬೇಕಂತ ಮಾತಾಗೇತಿ” ಅಂದಾಕಿನಽ ಎದ್ದ ನಿಂತು ಸೆರಗು ಸೊಂಟಕ್ಕ ಸಿಗಿಸಿದ್ಲು. “ಬರ್ರೀ, ಬರ್ರೀ! ನಮ್ಮ ಮನಿಯವರನ್ನ ತೊಗೋರೀ! ಹಿತ್ತಲದಾಗ ಬೆಳದಾರ, ನಾನಽ ನೀರ ಹಾಕಿ ಬೆಳಸೇನಿ!”

ಕೂಗತಿದ್ದವರೆಲ್ಲಾ ಹೊಳ್ಳಿ ನೋಡಿದ್ರು. ಆಮ್ಯಾಲ ಹೋ ಅಂತ ನಕ್ಕು ಮಂದಿ ಮುಕುರಿತು. ಚಡಚಣದ ಯಾಪಾರಿಗೋಳು, ಓಣಿ ಹೆಣ್ಣಮಕ್ಕಳು, ಎಲ್ಲಾರಿಗೂ ಅವ್ವನ ಮನಿಯವರಽ ಬೇಕು. ನನ್ನ ಎದಿ ಉಬ್ಬಿತು. ಬುಟ್ಟ್ಯಾಗ ನಾಕೈದು ಹಣ್ಣು ಉಳಿದಾಗ ಒಬ್ಬ ಮುದುಕಿ ಬಂದ್ಲು. ಅಷ್ಟರಾಗ ಅವ್ವ ಸೋತಿದ್ದು ನೋಡಾಕಂತ ಅಪ್ಪನೂ ಬಂದು ಮಂದಿ ಹಿಂದ ನಿಂತಿದ್ದ, ಅವ್ವಗ ಕಾಣಲಿಲ್ಲ.

“ಯವ್ವಾ, ನಿಮ್ಮವರು ಭಾಳ ಹುಳಿ ಅದಾರೇನ?” ಅಂತ ಕೇಳಿದ್ಲು ಮುದುಕಿ.

“ಮ್ಯಾಲ ಬಿರುಸು, ಒಳಗ ಮೆತ್ತಗದಾರಬೇ. ಸಕ್ರಿ ಹಾಕಿದ್ರ ಹೊಂದಕೋತಾರ.”

“ಬಾಳಿಕಿ ಬರ್ತಾರೇನ?”

“ದಿನಾ ಹೊಳ್ಳಾಡಿಸಬೇಕಬೇ. ಸುಮ್ಮ ಬಿಟ್ರ ಕುಂತಲ್ಲೇ ಕೊಳೀತಾರ!”

ಸಂತೀಗೆ ಸಂತೀನ ಬಿದ್ದ ಬಿದ್ದ ನಕ್ಕಿತು. ಅಪ್ಪ ಮಂದಿನ್ನ ಸರಿಸಿ ಮುಂದ ಬಂದು, ಉಳಿದ ಹಣ್ಣೆಲ್ಲಾ ಮುದುಕಿ ಉಡ್ಯಾಗ ಸುರುವಿ, ಅವ್ವಗ ಎರಡೂ ಕೈ ಮುಗದ:

“ಗಿಡಾ ಕಡ್ಯಂಗಿಲ್ಲ ನಮ್ಮವ್ವಾ! ಮೊದಲ ನನ್ನ ಮಾರೂದು ಬಿಡು!”