ಫೋನಿಗೆ ಹೇಳಿದ ಒಡಪು

ಮತ್ತೆ ಕರೆದರು. ಮೊದಲ ಸಾಲು ಬರೆಯಲು ಬೆಳಿಗ್ಗೆ ಕೂತವಳು ಮಧ್ಯಾಹ್ನ ಮುಗಿಸುತ್ತಿದ್ದೇನೆ. ಯಜಮಾನರು ಪಡಸಾಲೆಯಿಂದ ಒಮ್ಮೆ ನನ್ನ ಹೆಸರು ಕೂಗಿದರೆ ನೀರು ಬೇಕು ಎಂದರ್ಥ, ಎರಡು ಸಲ ಕೂಗಿದರೆ ಗಾಡಿಯ ಕೀಲಿ ಸಿಗುತ್ತಿಲ್ಲ ಎಂದರ್ಥ. ಕೀಲಿ ಅವರ ಕಿಸೆಯಲ್ಲೇ ಇರುತ್ತದೆ.

ನಾನು ಬರೆಯುವುದೇನೂ ದೊಡ್ಡದಲ್ಲ. ಇಂಗ್ಲಿಷಿಗೆ ಹೊಸದಾಗಿ ಬಂದ ಶಬ್ದಗಳನ್ನು ಒಂದು ವಹಿಯಲ್ಲಿ ಇಳಿಸಿಕೊಳ್ಳುತ್ತೇನೆ. ಹತ್ತನೇತ್ತೆ ಪಾಸಾದಾಗ ಕೊಂಡ ನನ್ನ ಡಿಕ್ಷನರಿಯಲ್ಲಿ ಅವು ಇಲ್ಲ. ಮಗಳು ಇಂಗ್ಲಿಷ್ ಶಾಲೆಯಲ್ಲಿ ಮೂರನೇತ್ತೆ. ಒಮ್ಮೆ ಸೆಲ್ಫಿ ಎಂದರೇನು ಎಂದು ಕೇಳಿದಳು, ಗೊತ್ತಿಲ್ಲ ಎಂದೆ. ಮರುದಿನದಿಂದ ತನ್ನ ಪ್ರಶ್ನೆಗಳನ್ನೆಲ್ಲ ಎದುರುಮನೆಯ ಟೀಚರ ಹತ್ತಿರ ಒಯ್ಯತೊಡಗಿದಳು. ಆ ಎರಡು ಜಡೆಗಳು ರಸ್ತೆ ದಾಟಿ ಇನ್ನೊಬ್ಬರ ಹೊಸ್ತಿಲು ಹತ್ತುವುದನ್ನು ನೋಡಿ ಅಂದೇ ನಿಶ್ಚಯಿಸಿದೆ: ಇನ್ನು ಈ ಹುಡುಗಿಗೆ ಗೊತ್ತಿಲ್ಲ ಎನ್ನಬಾರದು.

ಕಿಟಕಿಯ ಹತ್ತಿರ ಕೂತರೆ ನಿಪ್ಪಾಣಿಯ ಮಧ್ಯಾಹ್ನ ತಂಬಾಕಿನ ವಾಸನೆ ಹೊತ್ತು ಒಳಗೆ ಬರುತ್ತದೆ. ಕಣ್ಣುಗಳು ಅರ್ಧ ಮುಚ್ಚುತ್ತವೆ. ಶಬ್ದಗಳು ಸಮುದ್ರ ದಾಟಿ, ಕೊಲ್ಲಾಪುರದಲ್ಲಿ ಬಸ್ಸು ಬದಲಿಸಿ, ಗಂಟುಮೂಟೆ ಹಿಡಿದು ನಮ್ಮ ಓಣಿಯಲ್ಲಿ ಇಳಿಯುತ್ತಿರುವಂತೆ ಕಾಣುತ್ತದೆ. ಇಳಿದ ಮೇಲೆ ಅವುಗಳ ಗತಿ ನಮ್ಮ ಅತ್ತೆಯ ಕೈಯಲ್ಲಿ.

ಆರ್‌ಐಪಿ

ರಾಯಬಾಗದಲ್ಲಿ ಸಂಬಂಧಿಕರೊಬ್ಬರು ತೀರಿಕೊಂಡರು. ಯಜಮಾನರು ಫೋನಿನಲ್ಲಿ ಮೂರು ಇಂಗ್ಲಿಷ್ ಅಕ್ಷರ ಒತ್ತಿ ಚಹಾ ಕುಡಿಯತೊಡಗಿದರು. ಆ ಮನೆಯವರನ್ನು ಮಾತಾಡಿಸಲು ಹೋಗುವುದಿಲ್ಲವೇ ಎಂದು ಅತ್ತೆ ಕೇಳಿದರು. ಆರ್‌ಐಪಿ ಹಾಕಿದ್ದೇನೆ ಎಂದರು ಇವರು. ನಾನು ವಹಿ ತೆರೆದು ಅರ್ಥ ಹೇಳಿದೆ, ಶಾಂತಿಯಿಂದ ಮಲಗಿರಿ ಅಂತ.

"ಅಂವ ಹೆಂಗೂ ಮಲಗ್ಯಾನ," ಎಂದರು ಅತ್ತೆ. "ಎಚ್ಚರ ಇದ್ದವರಿಗೆ ಏನ ಹೇಳಿದಿ?"

ಯಜಮಾನರು ಚಹಾ ಅರ್ಧಕ್ಕೆ ಬಿಟ್ಟು ಎದ್ದರು. ನನ್ನನ್ನು ಎರಡು ಸಲ ಕೂಗಿದರು.

ಅನ್‌ಫ್ರೆಂಡ್

ಹಿಂದಿನ ಓಣಿಯ ಗೆಳತಿ ಹೊಸ ಸೀರೆಯುಟ್ಟ ಫೋಟೋ ಫೋನಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದ್ದಳು. ಇಂಥದೇ ಪರದೆ ನಮ್ಮ ಮನೆಯಲ್ಲೂ ಇದೆ ಎಂದು ಕೆಳಗೆ ಬರೆದೆ. ಸಂಜೆಯೊಳಗೆ ಅನ್‌ಫ್ರೆಂಡ್ ಮಾಡಿದಳು. ಅತ್ತೆಗೆ ಬಿಡಿಸಿ ಹೇಳಿದರೆ ಅವರಿಗೇನೂ ಹೊಸತು ಅನ್ನಿಸಲಿಲ್ಲ. ತಮ್ಮ ಕಾಲದಲ್ಲಿ ಅರಿಷಿಣ ಕುಂಕುಮಕ್ಕೆ ಕರೆಯುವುದು ಬಿಡುತ್ತಿದ್ದರಂತೆ.

ಸಂಕ್ರಾಂತಿ ಬಂತು. ಆ ದಿನ ಪರಿಚಯದ ಯಾವ ಮನೆಯನ್ನೂ ಬಿಡದೆ ಕುಸರೆಳ್ಳು ಹಂಚಬೇಕು. ಗೆಳತಿ ಅದೇ ಸೀರೆಯುಟ್ಟು ಬಾಗಿಲಿಗೆ ಬಂದು ನನ್ನ ಕೈಯಲ್ಲಿ ಎಳ್ಳು ಹಾಕಿದಳು. ನನ್ನ ಕಣ್ಣು ತುಂಬಿತು.

"ಇದು ಹಬ್ಬದ್ದು," ಎಂದಳು. "ಫೋನಿನಾಗ ಇನ್ನೂ ಸಿಟ್ಟ ಐತಿ ನನಗ."

ಹಬ್ಬಿ

ಯಜಮಾನರು ಹೊಸ ಫೋನು ತಂದುಕೊಟ್ಟರು. ಒತ್ತುವ ಕೆಲಸವಿಲ್ಲ, ಹೆಸರು ಹೇಳಿದರೆ ಅದೇ ಕರೆ ಹಚ್ಚುತ್ತದೆ, ಇದಕ್ಕೆ ವಾಯ್ಸ್ ಕಮಾಂಡ್ ಎನ್ನುತ್ತಾರೆ ಎಂದು ಮಗಳು ನನಗೆ ಕಲಿಸಿದಳು. ನನ್ನ ಕೈ ಜೋಳದ ಹಿಟ್ಟಿನಲ್ಲಿತ್ತು. ಮಗಳು ಫೋನನ್ನು ನನ್ನ ಬಾಯಿಗೆ ಹಿಡಿದಳು.

"ಪಪ್ಪಾನ ಹೆಸರ ಹೇಳ ಮಮ್ಮಿ."

ಒಲೆಯ ಪಕ್ಕ ಅತ್ತೆ ಕೂತಿದ್ದರು. ಹೆಂಡತಿ ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದವರು. ಹೇಳಲೇಬೇಕಾದರೆ ನಮ್ಮಲ್ಲಿ ಒಂದೇ ದಾರಿ, ಪ್ರಾಸ ಕಟ್ಟಿದ ಒಡಪಿನೊಳಗೆ ಸೇರಿಸಿ ಹೇಳಬೇಕು. ಸೆರಗು ಸರಿಮಾಡಿಕೊಂಡು, ಹೆಸರು ಬರುವಲ್ಲಿ ಹೆಸರಿಟ್ಟು (ಇಲ್ಲಿ ಇಂಥವರು ಎಂದಷ್ಟೇ ಬರೆದಿದ್ದೇನೆ), ಫೋನಿಗೆ ಹೇಳಿದೆ: "ನಿಪ್ಪಾಣಿ ತಂಬಾಕಿಗೆ ಓಣಿ ತುಂಬ ವಾಸನಿ, ಇಂಥವರು ಬಂದರ ಮನಿ ತುಂಬ ರೋಶನಿ."

ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿ ಎಂದು ಫೋನು ಇಂಗ್ಲಿಷಿನಲ್ಲಿ ಕೇಳಿತು. ಅದು ಏನೆನ್ನುತ್ತದೆ ಎಂದು ಅತ್ತೆ ವಿಚಾರಿಸಿದರು. ಹೇಳಿದೆ.

"ಹೇಳವಾ," ಎಂದರು. "ಪಾಪ, ಅದಕ್ಕೂ ಚಂದ ಅನಸೇತಿ."

ಮೂರು ಸಲ ಹೇಳಿದೆ. ಕೊನೆಗೆ ಫೋನು ಹಬ್ಬದ ದೀಪದ ಸರಗಳ ಚಿತ್ರ ತೋರಿಸಿತು. ಮಗಳು ನಿಟ್ಟುಸಿರು ಬಿಟ್ಟು ನನ್ನ ವಹಿ ತಂದಳು. ಅದರಲ್ಲಿ ಗಂಡನಿಗೆ ಪ್ರೀತಿಯಿಂದ ಅನ್ನುವ ಇಂಗ್ಲಿಷ್ ಶಬ್ದ ಹುಡುಕಿ, ಫೋನಿನಲ್ಲಿ ಅವರ ಹೆಸರು ತೆಗೆದು ಅದನ್ನು ಹಾಕಿದಳು. ಹಬ್ಬಿ ಎಂದೆ. ತಕ್ಷಣ ಕರೆ ಹೋಯಿತು. ಹಿಂಗ ಮರ್ಯಾದಿಲೆ ಕರೀಬೇಕು ಎಂದು ಅತ್ತೆ ಮೆಚ್ಚಿಕೊಂಡರು.

ಫೋನಿನೊಳಗಿಂದ ಯಜಮಾನರು ನನ್ನ ಹೆಸರು ಕರೆಯತೊಡಗಿದರು. ಒಮ್ಮೆ, ಎರಡು ಸಲ, ಮೂರು ಸಲ. ಮಗಳು ಫೋನನ್ನು ನನಗೆ ಕೊಡಲಿಲ್ಲ. ಅಂಗೈಯಲ್ಲಿ ಹಿಡಿದು ಕೇಳುತ್ತ ನಿಂತಳು, ಆಮೇಲೆ ನನ್ನ ಮುಖ ನೋಡಿದಳು. ಒಲೆಯ ಹೊಗೆ ಕಿಟಕಿಯ ಬಿಸಿಲಲ್ಲಿ ನಿಧಾನವಾಗಿ ಸುತ್ತುತ್ತಿತ್ತು. ವಹಿ ಎದುರಿಗೇ ಬಿಚ್ಚಿಕೊಂಡಿತ್ತು.

"ಮಮ್ಮಿ, ಪಪ್ಪಾ ದಿನಾ ಇಷ್ಟ ಸಲ ನಿನ್ನ ಹೆಸರ ಕರೀತಾರಲ್ಲ, ನಿನ್ನ ಆಯುಷ್ಯ ಎಷ್ಟ ಉಳದೈತಿ?"