ನೇಮಿರಾಜಯ್ಯನವರ ಮಳೆಗೆ ಜಗ್ಗದ ಬೀಗ

ಸೈನ್ಸ್ ಮೇಷ್ಟ್ರು ನೇಮಿರಾಜಯ್ಯನವರ ಹಿತ್ತಲ ಬಾವಿಯ ನೀರು ಸಿಹಿಯಾಗಿದ್ದದ್ದೇ ಎಲ್ಲ ತೊಂದರೆಗೂ ಮೂಲ. ಚನ್ನರಾಯಪಟ್ಟಣದ ಆ ಬೀದಿಯ ಉಳಿದ ಬಾವಿಗಳ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ. ಹಾಗಾಗಿ ಬೆಳಗಾದರೆ ಸಾಕು, ಪಕ್ಕದ ಮನೆಯ ನೀಲಗಂಗಮ್ಮನವರ ನಾಯಕತ್ವದಲ್ಲಿ ಕೊಡಗಳ ಮೆರವಣಿಗೆಯೊಂದು ಮೇಷ್ಟ್ರ ಗೇಟು ದಾಟಿ, ಮೇಷ್ಟ್ರು ಗಡ್ಡ ಹೆರೆದುಕೊಳ್ಳುವ ಬಗೆಯನ್ನು ವಿಮರ್ಶಿಸುತ್ತ ಹಿತ್ತಲಿಗೆ ನಡೆಯುತ್ತಿತ್ತು. ಬೇಡವೆನ್ನಲು ಮೇಷ್ಟ್ರಿಗೆ ಬಾಯಿ ಬರಲಿಲ್ಲ. ಬಾಯಿ ಬಾರದವರಿಗಾಗಿಯೇ ವಿಜ್ಞಾನ ಇರುವುದೆಂದುಕೊಂಡು ಅರವತ್ತೆರಡನೇ ಇಸವಿಯ ದಸರಾ ರಜದಲ್ಲಿ ಬೆಂಗಳೂರಿಗೆ ಹೋಗಿ, ಕರೆಂಟಿನ ಬೀಗವೊಂದನ್ನು ತಂದು ಗೇಟಿಗೆ ಹಾಕಿಸಿದರು.

ಬೀಗದೊಳಗೆ ತಾಮ್ರದ ತಂತಿಯ ಸುರುಳಿ. ನಡುಮನೆಯ ಗೋಡೆಯಲ್ಲಿ ಒಂದು ಗುಂಡಿ. ಗುಂಡಿ ಒತ್ತಿದರೆ ಕರೆಂಟು ಹರಿದು ಸುರುಳಿ ಅಯಸ್ಕಾಂತವಾಗಿ, ಬೀಗದ ಕಬ್ಬಿಣದ ನಾಲಗೆಯನ್ನು ಟಕ್ಕನೆ ಒಳಕ್ಕೆಳೆದುಕೊಳ್ಳುತ್ತದೆ. ಬೆರಳು ತೆಗೆದರೆ ಸ್ಪ್ರಿಂಗು ಅದನ್ನು ಮತ್ತೆ ಹೊರಕ್ಕೆ ತಳ್ಳುತ್ತದೆ. ಸುತ್ತ ರಬ್ಬರ್ ಪಟ್ಟಿ ಕೂರಿಸಿದ್ದರಿಂದ ಮಳೆಗೂ ಧೂಳಿಗೂ ಪ್ರವೇಶವಿಲ್ಲ. ಮೇಷ್ಟ್ರು ಈ ಪಾಠವನ್ನು ಬೀದಿಗೆ ಬಂದವರಿಗೆಲ್ಲ ಮಾಡಿದರು. ಹಾಲಿನ ಬೈರಯ್ಯ ಎಮ್ಮೆಯ ಸಮೇತ ಎರಡು ಸಲ ಕೇಳಿದ. ಕರೆಂಟು ಹೋದಾಗ ಬೇಕಾಗುವ ಕೀಲಿಕೈ ದೇವರ ಗೂಡಿನಲ್ಲಿ ಭದ್ರವಾಯಿತು. ಕಾಂಪೌಂಡಿನ ಮೇಲೆ ಗಾಜಿನ ಚೂರುಗಳೂ ಬಂದವು.

ಮಾರನೆಯ ದಿನದಿಂದಲೇ ಮೆರವಣಿಗೆ ನಿಂತಿತು. ನೀಲಗಂಗಮ್ಮನವರ ಮನೆಯ ಬೇಳೆ ಮಾತ್ರ ಮೊದಲಿನಂತೆಯೇ ಬೇಯುತ್ತಿತ್ತು. ಅದು ಹೇಗೆಂದು ಕೇಳಿಕೊಳ್ಳುವಷ್ಟು ವಿಜ್ಞಾನ ಮೇಷ್ಟ್ರಲ್ಲಿರಲಿಲ್ಲ.

ತಿಂಗಳು ಕಳೆದು, ಮಗಳು ಬ್ರಾಹ್ಮಿಯನ್ನು ನೋಡಲು ಹಾಸನದಿಂದ ಅನಂತರಾಜಯ್ಯನವರು ಸಂಸಾರ ಸಮೇತ ಬರುವ ದಿನ ಬಂತು. ಹುಡುಗ ಅಭಯಕುಮಾರ ಕರೆಂಟಾಫೀಸಿನಲ್ಲಿ ಓವರ್ಸಿಯರು. ಹುಡುಗನ ವಿಷಯದಲ್ಲಿ ಭಯವಿರಲಿಲ್ಲ. ಭಯವಿದ್ದದ್ದು ಅಪ್ಪನ ಹೊಟ್ಟೆಯ ವಿಷಯದಲ್ಲಿ. ಊಟ ಹೊತ್ತಿಗೆ ಸರಿಯಾಗಿ ಆಗಲಿಲ್ಲವೆಂದು ಅವರು ಆಗಲೇ ಎರಡು ಸಂಬಂಧ ಬಿಟ್ಟಿದ್ದರು. ಹೊತ್ತು ಮುಳುಗಿದ ಮೇಲೆ ಜೈನರ ಮನೆಯಲ್ಲಿ ಊಟವಿಲ್ಲ. ಆದ್ದರಿಂದ ನಾಲ್ಕಕ್ಕೆ ಬಸ್ಸು, ಐದಕ್ಕೆ ಎಲೆ ಎಂದು ಮೇಷ್ಟ್ರು ವೇಳಾಪಟ್ಟಿಯನ್ನೇ ಬರೆದಿದ್ದರು. ಬ್ರಾಹ್ಮಿ ಮೊಗ್ಗಿನ ಜಡೆ ಹಾಕಿಸಿಕೊಳ್ಳಲು ನೀಲಗಂಗಮ್ಮನವರ ಮನೆಗೆ ಹೋಗಿದ್ದಳು. ಅಲ್ಲಿಂದ ಬಂದವಳು ಕೋಣೆಯಲ್ಲಿ ಕೂತಿರಬೇಕು, ಕರೆಯುವ ತನಕ ಹೊಸಿಲು ದಾಟಕೂಡದು ಎಂದು ಅಪ್ಪ ಮೂರು ಸಲ ಹೇಳಿ ಕಳಿಸಿದ್ದರು.

ಬಸ್ಸು ಬಂದದ್ದು ಐದಕ್ಕೆ. ಬೀಗರಾಗುವವರನ್ನು ದಂಪತಿಗಳಿಬ್ಬರೂ ಎದುರುಗೊಳ್ಳಬೇಕೆಂದು ಮೇಷ್ಟ್ರ ಜೊತೆ ಹೆಂಡತಿ ರಾಜೀಮತಿಯೂ ನೀರಿನ ಚೊಂಬು ಹಿಡಿದು ಬೀದಿಗೆ ಬಂದರು. ಗುಂಡಿ ಒತ್ತುವ ಕೆಲಸ ಯಾವತ್ತೂ ರಾಜೀಮತಿಯದು. ಬೆನ್ನ ಹಿಂದೆ ಗೇಟು ತಾನಾಗಿ ಮುಚ್ಚಿಕೊಂಡು ಟಕ್ ಎಂದಿತು.

ಆ ಸದ್ದಿಗೆ ಮೇಷ್ಟ್ರ ಮುಖ ಒಣಕೊಬ್ಬರಿಯಂತಾಯಿತು.

ಐದು ಜನ ನೆಂಟರು, ಇಬ್ಬರು ಮನೆಯವರು, ಎಲ್ಲರೂ ಹೊರಗೆ. ಹೋಳಿಗೆ, ಕೋಸಂಬರಿ, ಕೀಲಿಕೈ, ಎಲ್ಲವೂ ಒಳಗೆ. ಬೀದಿ ಒಂದು ನಿಮಿಷದಲ್ಲಿ ತುಂಬಿತು. ನೀಲಗಂಗಮ್ಮ ಮೇಷ್ಟ್ರ ಹತ್ತಿರ ಬಂದು, "ಹುಡುಗೀನ ಒಂದ್ಸಲ ಕೂಗಿ ಮೇಷ್ಟ್ರೇ" ಅಂದರು. ಜಡೆ ಹಾಕಿಸಿಕೊಳ್ಳಲು ಹೋದವಳನ್ನು ನೆಂಟರೆದುರು ಬೀದಿಗೆ ಕರೆಯುವುದುಂಟೆ ಎಂದು ಮೇಷ್ಟ್ರು ಅವರನ್ನು ಸುಟ್ಟುಬಿಡುವ ಹಾಗೆ ನೋಡಿದರು.

ಎದುರು ಮನೆಯ ಪಂಚಾಕ್ಷರಯ್ಯನವರು ಬೀಗಕ್ಕೆ ನೀರು ಹೊಯ್ದರೆ ಕರೆಂಟು ಕೆಟ್ಟು ಬಿಟ್ಟುಕೊಳ್ಳುತ್ತದೆಂದು ಹೇಳಿ, ಉತ್ತರಕ್ಕೆ ಕಾಯದೆ ಮೂರು ಕೊಡ ಹೊಯ್ದರು. ಬೀಗ ಮಾರಿದ ಬೆಂಗಳೂರಿನ ಅಂಗಡಿಯವನು ಹೇಳಿದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಒಂದು ಹನಿಯೂ ಒಳಗಿಳಿಯಲಿಲ್ಲ. ಅಷ್ಟೂ ನೀರು ಅನಂತರಾಜಯ್ಯನವರ ಜರಿ ಪಂಚೆಗಿಳಿಯಿತು.

"ಬೀಗ ಚೆನ್ನಾಗಿದೆ," ಎಂದರು ಅವರು ಪಂಚೆ ಹಿಂಡುತ್ತ. "ಊಟ ಯಾವಾಗ?"

ಅಷ್ಟರಲ್ಲಿ ಏಣಿ ಹೊತ್ತು ಹೋಗುತ್ತಿದ್ದ ಲೈನ್‌ಮ್ಯಾನ್ ಮಂಜುನಾಥನನ್ನು ಯಾರೋ ಹಿಡಿದು ತಂದರು. ಅವನು ಬೀಗಕ್ಕೆ ಕಿವಿ ಕೊಟ್ಟು ಡಾಕ್ಟರಂತೆ ತಲೆಯಾಡಿಸಿದ.

"ಕರೆಂಟು ಇಡ್ಕಂಡದೆ ಸಾ. ಕಂಬದಾಗೆ ಕಿತ್ತಾಕಿದ್ರೆ ತಾನೇ ಬಿಟ್ಕತದೆ."

ಕ್ಲಾಸಿನಲ್ಲಾದರೆ ಇಂಥ ಉತ್ತರಕ್ಕೆ ಸೊನ್ನೆ ಹಾಕುತ್ತಿದ್ದ ಮೇಷ್ಟ್ರು ಗಾಬರಿಯಲ್ಲಿ ಹೂಂ ಅಂದುಬಿಟ್ಟರು. ಅಭಯಕುಮಾರ ಮೆಲ್ಲಗೆ ಕೆಮ್ಮಿದ. "ಅಪ್ಪಾ, ಆ ಬೀಗ ಕರೆಂಟು ಇದ್ರೇನೇ..."

"ಹೆಣ್ಣು ನೋಡಕ್ಕೆ ಬಂದೋನು ಬಾಯಿ ಬಿಡಬಾರ್ದು ಕಣೋ. ಸುಮ್ನಿರು."

ಮಂಜುನಾಥ ಕಂಬ ಹತ್ತಿ ತಂತಿ ಕಿತ್ತ. ಬೀಗ ಅಲುಗಲಿಲ್ಲ, ಮನೆಯ ರೇಡಿಯೋ ಮಾತ್ರ ನಿಂತಿತು. ಮೇಷ್ಟ್ರಿಗೆ ತಮ್ಮದೇ ಪಾಠ ಆಗ ನೆನಪಾಯಿತು. ಮತ್ತೆ ಸೇರಿಸೆಂದು ಕೂಗಿದರು. ಅವನು ಸೇರಿಸಿ ಇಳಿಯುವ ಹೊತ್ತಿಗೆ, ಬೀದಿಯ ತುದಿಯಲ್ಲಿ ತೆಂಗಿನ ಮಂಡಿಯ ಹೆಂಚಿನ ಹಿಂದೆ ಸೂರ್ಯ ಮುಳುಗಿದ. ಅನಂತರಾಜಯ್ಯನವರು ಸೂರ್ಯನನ್ನು ಬೀಳ್ಕೊಡುವವರಂತೆ ಕೊನೆಯ ತನಕ ನೋಡಿದರು.

ಊಟ ಹೋಯಿತು. ಇನ್ನು ಬೀದಿಯಾದರೇನು, ಹುಡುಗಿ ಬಂದು ಒಂದು ನಮಸ್ಕಾರವನ್ನಾದರೂ ಮಾಡಿ ಹೋಗಲಿ ಎಂದುಕೊಂಡು ಮೇಷ್ಟ್ರು ನೀಲಗಂಗಮ್ಮನವರ ಮನೆಯ ಕಡೆ ತಿರುಗಿ, ಅಳುವ ದನಿಯಲ್ಲಿ ಕರೆದರು.

"ಬ್ರಾಹ್ಮೀ, ಬಾರಮ್ಮ."

ಟಕ್.

ಗೇಟು ತೆರೆದುಕೊಂಡಿತು. ತಮ್ಮದೇ ಮನೆಯ ಹೊಸಿಲ ಮೇಲೆ ಮೊಗ್ಗಿನ ಜಡೆಯ ಬ್ರಾಹ್ಮಿ ತಟ್ಟೆ ಹಿಡಿದು ನಿಂತಿದ್ದಳು.

"ನೀನು ಒಳಗ್ ಹೆಂಗ್ ಬಂದೆ?"

"ಹಿತ್ತಿಲ ಗೋಡೆ ಕಂಡೀಲಿ. ನೀರಿಗೆ ಎಲ್ಲಾರೂ ಬರ್ತಾರಲ್ಲ, ಅಲ್ಲಿಂದ. ನಾಲ್ಕು ಗಂಟೆಗೇ ಬಂದೆ."

"ಇಷ್ಟು ಹೊತ್ತು ಕೂಗಾಡ್ತಿದ್ವಲ್ಲ, ಗುಂಡಿ ಒತ್ತಬಾರ್ದಿತ್ತಾ?"

"ಬೀಗದ ಪಾಠ ಮಾಡ್ತಿದೀರಿ ಅಂದ್ಕಂಡೆ. ಕರೆಯೋ ತನಕ ಬರಬೇಡ ಅಂದಿದ್ರಲ್ಲಪ್ಪ."

ನೀಲಗಂಗಮ್ಮ ಗುಂಪಿನಲ್ಲಿರಲಿಲ್ಲ.

ಅನಂತರಾಜಯ್ಯನವರು ಒಳಗೆ ಬಂದು, ಮುಚ್ಚಿಟ್ಟ ಹೋಳಿಗೆಯ ಪರಿಮಳವನ್ನಷ್ಟೇ ಸೇವಿಸಿ, ಮಗನ ಮುಖ ನೋಡಿದರು. ಮಗ ಹುಡುಗಿಯ ಮುಖ ನೋಡುತ್ತಿದ್ದ. ಹುಡುಗಿಯೂ ನೆಲ ನೋಡುತ್ತಿರಲಿಲ್ಲ.

"ಹುಡುಗಿ ಮಾತು ಕೇಳ್ತಾಳೆ. ಆದ್ರೆ ಉಣ್ದೆ ಒಪ್ಪಿಗೆ ಹೇಳೋ ಪದ್ಧತಿ ನಮ್ಮಲ್ಲಿಲ್ಲ," ಎಂದರು ಅವರು. "ಇಲ್ಲೇ ಉಳಿದು ಬೆಳಿಗ್ಗೆ ಉಂಡೇ ಹೇಳ್ತೀವಿ."

ಐದು ಜನ ಉಳಿಯುವುದೆಂದರೆ ಹಾಸಿಗೆಯಿಲ್ಲ ಎಂದು ರಾಜೀಮತಿ ಅಡಿಗೆಮನೆಯಲ್ಲಿ ಕೈ ಹಿಸುಕಿಕೊಂಡರು. ಮೇಷ್ಟ್ರಿಗೆ ಹಾಸಿಗೆಯ ಚಿಂತೆಯಿರಲಿಲ್ಲ. ಮೊದಲು ಆ ಕಂಡಿ ಮುಚ್ಚಬೇಕೆಂದು ಒಂದು ಇಟ್ಟಿಗೆ ಹಿಡಿದು ಮಬ್ಬು ಬೆಳಕಿನಲ್ಲಿ ಹಿತ್ತಲಿಗೆ ಹೋದರು. ಬಾವಿಯ ಪಕ್ಕದ ಗೋಡೆಯಲ್ಲಿ ಕಂಡಿ ಕೊಡ ತೂರುವಷ್ಟು ಅಚ್ಚುಕಟ್ಟಾಗಿತ್ತು. ಅದರೊಳಗಿಂದ ಒಂದು ಹಾಸಿಗೆಯ ಸುರುಳಿ, ಅದರ ಹಿಂದೆ ನೀಲಗಂಗಮ್ಮನವರ ತಲೆ ಹೊರಬಂದವು.

"ನೆಂಟರಿಗೆ ಆಸಿಗೆ ತಂದೆ ಮೇಷ್ಟ್ರೇ. ಗೇಟಿಗೆ ಸುತ್ಕಂಡ್ ಬಂದ್ರೆ ನೀವು ಗುಂಡಿ ಒತ್ತಬೇಕು, ಯಾಕೆ ತೊಂದ್ರೆ. ಇಡ್ಕಳಿ."

ಮೇಷ್ಟ್ರು ಹಿಡಿದುಕೊಂಡರು. ಸುರುಳಿ ನಡುವೆ ಸಿಕ್ಕಿಕೊಂಡಿತು.

"ಇನ್ನೊಂದು ಇಟ್ಟಿಗೆ ಕಿತ್ಬುಡಿ, ಸಲೀಸಾಗಿ ಬತ್ತದೆ."

ಕೈಯಲ್ಲಿದ್ದ ಇಟ್ಟಿಗೆಯನ್ನು ನೆಲಕ್ಕಿಟ್ಟು, ಮೇಷ್ಟ್ರು ಇನ್ನೊಂದನ್ನು ಕಿತ್ತರು.