ಕೊರವ ಮೀನು ನುಂಗಿದ ಬಲಗಿವಿಯ ಜುಮುಕಿ

ಇಂದ,
ಸುಮಿತ್ರಾ, ಪಾಲಮ್ಮನವರ ಮೊಮ್ಮಗಳು,
ಬಬ್ಬೂರು, ಹಿರಿಯೂರು ತಾಲ್ಲೂಕು.

ಗೆ,
ಹಿರಿಯ ಕೊರವ ಮೀನಿನವರು,
ಮೂರನೇ ಬಂಡೆಯ ಸಂದಿ, ಮಾರಿಕಣಿವೆ ಹಿನ್ನೀರು.

ವಿಷಯ: ತಾವು ನುಂಗಿರುವ ಜುಮುಕಿಯನ್ನು ಯುಗಾದಿಯೊಳಗೆ ಹಿಂದಿರುಗಿಸುವ ಬಗ್ಗೆ.
ಉಲ್ಲೇಖ: ಕಳೆದ ಭಾನುವಾರ ಬೆಳಿಗ್ಗೆ ತಾವು ಗಾಳದ ದಾರ ಕಡಿದದ್ದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಅರ್ಜಿದಾರಳು ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ:

೧. ಶಿವರಾತ್ರಿ ಕಳೆದು ಚಳಿ ಬಿಟ್ಟ ಕಾರಣ, ಅರ್ಜಿದಾರಳು ಗಾಳದ ಸಾಮಾನು ಮಾರುವ ವಸೀಂ ಅಣ್ಣನ ಅಂಗಡಿಗೆ ಹೋಗಿದ್ದಳು. "ಕೊರವ ಬೇಟೆ ಮೀನು ತಂಗಿ. ಆದ್ರೆ ನೀರಿನ್ನೂ ತಣ್ಣಗೈತೆ, ಅದಕ್ಕೂ ಮೈ ಭಾರ. ಈ ರಬ್ಬರ್ ಕಪ್ಪೆ ತಗೋ, ಜೊಂಡಿನ ಹತ್ರ ಬಿಟ್ಟು ನಿಧಾನಕ್ಕೆ ಎಳಿ" ಎಂದು ಅವರು ಹೇಳಿದ್ದು ನಿಜ. ಗಾಳಕ್ಕೆ ಕಟ್ಟುವ ಬಣ್ಣದ ಮರದ ಮೀನು, ತಗಡಿನ ಬಿಲ್ಲೆ ತೋರಿಸಿದ್ದೂ ನಿಜ.

೨. ಆದರೆ ಅಜ್ಜಿಯ ಕತೆಗಳಲ್ಲಿ ಮೀನಿನರಸ ಒಡವೆಗಲ್ಲದೆ ಬೇರೆಯದಕ್ಕೆ ತಲೆ ಎತ್ತಿದ್ದೇ ಇಲ್ಲ. ತಮ್ಮಂಥ ಘನತೆವೆತ್ತವರಿಗೆ ರಬ್ಬರ್ ಕಪ್ಪೆ ಒಡ್ಡುವುದು ಮರ್ಯಾದೆಯಲ್ಲ. ಆದ್ದರಿಂದ ಅಜ್ಜಿಯ ಟ್ರಂಕಿನಲ್ಲಿದ್ದ ಜೊತೆಯಲ್ಲಿ ಬಲಗಿವಿಯ ಜುಮುಕಿಯನ್ನು ಗಾಳಕ್ಕೆ ಕಟ್ಟಲಾಯಿತು. ತಾವೂ ಬಂದಿರಿ, ನುಂಗಿದಿರಿ, ಹೋದಿರಿ.

೩. ಸದರಿ ಜುಮುಕಿ ಅಜ್ಜಿಯೊಬ್ಬರದೇ ಅಲ್ಲ. ಅಜ್ಜಿಯ ತಾಯಿ ಬಿಟ್ಟುಹೋದ ಆ ಒಂದೇ ಜೊತೆಯನ್ನು ಅಜ್ಜಿ ಮತ್ತು ಹೊಳಲ್ಕೆರೆಯಲ್ಲಿರುವ ಅವರ ತಂಗಿ ಏಕಾಂತಮ್ಮ ಯುಗಾದಿಯಿಂದ ಯುಗಾದಿಗೆ ಸರದಿಯಂತೆ ತೊಡುತ್ತಾರೆ. ಬರುವ ಗುರುವಾರ ಹಬ್ಬ, ಸರದಿ ಏಕಾಂತಮ್ಮನವರದು. "ನಮ್ಮಕ್ಕ ಒಂದಲ್ಲ ಒಂದಿನ ಕೊಡಂಗಿಲ್ಲ ಅಂತಾಳೆ, ನೋಡ್ತಿರ್ರಿ" ಎಂದು ಅವರು ನಲವತ್ತು ವರ್ಷಗಳಿಂದ ಊರಿಗೆಲ್ಲ ಹೇಳಿಕೊಂಡು ಕಾಯುತ್ತಿದ್ದಾರೆ. ಕಾರಣ, ಅಜ್ಜಿಯ ಮಾನ ಸದ್ಯ ತಮ್ಮ ಹೊಟ್ಟೆಯಲ್ಲಿದೆ.

೪. ವಿಷಯವನ್ನು ಅಜ್ಜಿಗೆ ತಿಳಿಸಲಾಗಿ,
"ಮೀನು ನುಂಗ್ತಾ?"
"ನೀನೇ ಹೇಳಿದ್ಯಲ್ಲಜ್ಜಿ, ಮೀನಿನರಸ ಒಡವೆ ತಿರುಗಿ ತಂದ್ಕೊಡ್ತಾನೆ ಅಂತ."
"ಲೇ ಪೆದ್ದಿ, ನೀನು ಉಣ್ಲಿ ಅಂತ ಹೇಳಿದ್ದು ಅದು! ಕತೆ ಸುಳ್ಳು ಕಣೆ, ಜುಮುಕಿ ದಿಟ!"
ಎಂಬ ಹಿಂಬರಹ ದೊರೆತಿರುತ್ತದೆ.

ಆದ್ದರಿಂದ ತಾವು ಬುಧವಾರ ಸಂಜೆಯೊಳಗೆ ಜುಮುಕಿಯನ್ನು ದಡಕ್ಕೆ ಉಗುಳಬೇಕಾಗಿ ಕೋರಿಕೆ. ಆಗದ ಪಕ್ಷದಲ್ಲಿ, ಅಜ್ಜಿ ಅದನ್ನು ಬಚ್ಚಿಟ್ಟಿಲ್ಲವೆಂಬುದಕ್ಕೆ ಹಬ್ಬದ ದಿನ ಏಕಾಂತಮ್ಮನವರ ಮುಂದೆ ಖುದ್ದು ಹಾಜರಾಗಿ ಬಾಯಿ ತೆರೆದು ತೋರಿಸುವುದು.

ದಾರದ ಈ ತುದಿಯಿಂದ,
ತಮ್ಮ ವಿಶ್ವಾಸಿ,
ಸುಮಿತ್ರಾ

ಅಡಕ:
೧. ಎಡಗಿವಿಯ ಜುಮುಕಿಯ ಫೋಟೊ. ಅಸಲನ್ನು ಅಜ್ಜಿ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಾರೆ.
೨. ಕಡಿದ ದಾರ, ಎರಡು ಮೊಳ.

ವಿ.ಸೂ.: ಹಬ್ಬದ ಮರುದಿನ ಹೊಸತೊಡಕು, ಮನೆಯಲ್ಲಿ ಬಾಡೂಟ. ಆದ ಕಾರಣ ಸಾಕ್ಷಿ ನುಡಿದ ಕೂಡಲೇ ತಾವು ಹೊರಟುಬಿಡಬೇಕಾಗಿ ವಿನಂತಿ.